ಗುರಿ ಮಸುಕಾಗಲಿ, ಸೈಟ್ ಸ್ಪಷ್ಟವಾಗಿರಲಿ

ನಾನು ಶೂಟಿಂಗ್ ರೇಂಜಿಗೆ ಹೊರಟಾಗಲೆಲ್ಲ ನಮ್ಮ ಅತ್ತೆಯವರು ಅರ್ಜುನನಿಗೆ ಹಕ್ಕಿಯ ಕಣ್ಣು ಮಾತ್ರ ಕಂಡ ಕಥೆಯನ್ನು ನೆನಪಿಸಿ ಕಳುಹಿಸುತ್ತಾರೆ. ಆದರೆ 10 ಮೀಟರ್ ದೂರದ ಗುರಿಗೆ ಹೊಡೆಯುವ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಆಗಬೇಕಾದದ್ದು ಅದಕ್ಕೆ ತದ್ವಿರುದ್ಧ. ಹಕ್ಕಿ ಮಸುಕಾಗಬೇಕು, ನಳಿಕೆಯ ತುದಿಯಲ್ಲಿ ಗುರಿ ಹಿಡಿಯಲೆಂದೇ ಇರುವ ಸಣ್ಣ ಕಂಬದ, ಅಂದರೆ ಫ್ರಂಟ್ ಸೈಟ್‌ನ, ಅಂಚು ಕೊರೆದಿಟ್ಟಂತೆ ಕಾಣಬೇಕು.

ಇದಕ್ಕೆ ಕಾರಣ ಬರಿಯ ಲೆಕ್ಕ. ಪಿಸ್ತೂಲಿನ ಹಿಂದಿನ ಮತ್ತು ಮುಂದಿನ ಸೈಟ್‌ಗಳ ನಡುವೆ ಸುಮಾರು 35 ಸೆಂ.ಮೀ. ಅಂತರವಿದೆ ಎನ್ನೋಣ. ಎರಡೂ ಸೈಟ್‌ಗಳು ಒಂದೇ ಸಾಲಿನಲ್ಲಿದ್ದು, ತೋಳು ಹಾಗೆಯೇ 5 ಮಿ.ಮೀ. ಪಕ್ಕಕ್ಕೆ ಸರಿದರೆ ಪೆಲೆಟ್, ಅಂದರೆ ಪಿಸ್ತೂಲಿನ ಪುಟ್ಟ ಗುಂಡು, ಕೂಡ ಅಷ್ಟೇ ಸರಿಯುತ್ತದೆ. ಗುರಿಹಲಗೆಯ ನಡುವಿನ ಹತ್ತು ಅಂಕದ ವೃತ್ತದ ವ್ಯಾಸ 11.5 ಮಿ.ಮೀ., ಪೆಲೆಟ್‌ನದು 4.5, ಹಾಗಾಗಿ ಅಂಕ ಹತ್ತೇ. ಆದರೆ ಮಣಿಕಟ್ಟು ಬಾಗಿ, ಹಿಂದಿನ ಸೈಟ್‌ನ ಸೀಳಿನಲ್ಲಿ ಮುಂದಿನದು ಒಂದೇ ಒಂದು ಮಿಲಿಮೀಟರ್ ಓರೆಯಾದರೂ ಗುರಿಹಲಗೆಯಲ್ಲಿ ಅದು ಸುಮಾರು 28 ಮಿ.ಮೀ. ಆಗುತ್ತದೆ. ಅಂಕ ಏಳು! ಕಣ್ಣಿನ ಮಸೂರ ಏಕಕಾಲಕ್ಕೆ ಒಂದೇ ದೂರವನ್ನು ಸ್ಪಷ್ಟವಾಗಿ ಹಿಡಿಯುವುದರಿಂದ, ಆ ಸ್ಪಷ್ಟತೆಯನ್ನು ಎಲ್ಲಿ ಖರ್ಚು ಮಾಡಬೇಕೆಂಬುದರಲ್ಲಿ ನನಗೆ ಅನುಮಾನವೇ ಇಲ್ಲ. ಸೀಳಿನ ಎಡಕ್ಕೂ ಬಲಕ್ಕೂ ಕಾಣುವ ಬೆಳಕಿನ ಎರಡು ಗೆರೆಗಳು ಸಮನಾಗಿರಬೇಕು, ಮೇಲಂಚುಗಳು ಒಂದೇ ಮಟ್ಟದಲ್ಲಿರಬೇಕು. ಗುರಿಹಲಗೆಯ ಕಪ್ಪು ವೃತ್ತ ಮೇಲೆಲ್ಲೋ ಬೂದುಬಣ್ಣದ ಮುದ್ದೆಯಾಗಿ ತೇಲುತ್ತಿರಲಿ. ನಾನು ಸೈಟನ್ನು ಅದರ ಕೆಳಗಿನ ಬಿಳಿ ಜಾಗದಲ್ಲಿ ನಿಲ್ಲಿಸುತ್ತೇನೆ.

ಕೈ ಅಲುಗುವುದು ನಿಲ್ಲಲಿ ಎಂದು ಕಾಯುವುದು ವ್ಯರ್ಥ. ಅದು ನಿಲ್ಲುವುದಿಲ್ಲ. ಕಾದಷ್ಟೂ ಕಣ್ಣು ಸೋಲುತ್ತದೆ: ಒಂದೇ ಅಂಚನ್ನು ದಿಟ್ಟಿಸುತ್ತಿದ್ದರೆ ಅದು ಕದಡಿಹೋಗುತ್ತದೆ, ಮಿದುಳು ಮಾತ್ರ ಹಳೆಯ ಚಿತ್ರವನ್ನೇ ನಂಬಿಕೊಂಡಿರುತ್ತದೆ. ಎಂಟು-ಹತ್ತು ಸೆಕೆಂಡಿನಲ್ಲಿ ಗುಂಡು ಹಾರದಿದ್ದರೆ ಪಿಸ್ತೂಲನ್ನು ಇಳಿಸಿ, ದೂರದ ಮಬ್ಬು ಗೋಡೆಯನ್ನು ನೋಡಿ, ಉಸಿರು ತೆಗೆದುಕೊಂಡು ಮತ್ತೆ ಎತ್ತಬೇಕು. 60 ಗುಂಡುಗಳಿಗೆ 75 ನಿಮಿಷ ಕೊಟ್ಟಿರುತ್ತಾರೆ. ಇಳಿಸಿ ಎತ್ತಲು ಧಾರಾಳ ಸಮಯವಿದೆ.

ಇನ್ನೊಂದು ಕಣ್ಣನ್ನು ಬಿಗಿಯಾಗಿ ಮುಚ್ಚಬೇಡಿ. ಅದರ ಸೆಳೆತಕ್ಕೆ ಗುರಿ ಹಿಡಿಯುವ ಕಣ್ಣೂ ಕಿರಿದಾಗುತ್ತದೆ. ಪ್ಯಾರಿಸ್ 2024ರ ಮಿಶ್ರ ತಂಡ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದ ಟರ್ಕಿಯ ಯೂಸುಫ್ ದಿಕೆಚ್ ಎರಡೂ ಕಣ್ಣು ತೆರೆದೇ ಹೊಡೆದದ್ದನ್ನು ಜಗತ್ತೇ ನೋಡಿತು. ಎರಡು ಚಿತ್ರಗಳು ಕಂಡು ಗಲಿಬಿಲಿಯಾಗುವವರಿಗೆ, ನನ್ನಂಥವರಿಗೆ, ಕನ್ನಡಕಕ್ಕೆ ಸಿಕ್ಕಿಸಿ ಒಂದು ಕಣ್ಣನ್ನು ಮರೆಮಾಡುವ, 30 ಮಿ.ಮೀ. ಅಗಲ ಮೀರದ ಬ್ಲೈಂಡರ್‌ಗೆ ನಿಯಮದಲ್ಲೇ ಅವಕಾಶವಿದೆ. ನನ್ನದು ಅರೆಪಾರದರ್ಶಕ ಬಿಳಿ ಪ್ಲಾಸ್ಟಿಕ್ ತುಂಡು. ಪೂರ್ತಿ ಕಪ್ಪಾದುದನ್ನು ಹಾಕಿದರೆ ಮರೆಯಾದ ಕಣ್ಣಿನ ಪಾಪೆ ಹಿಗ್ಗುತ್ತದೆ, ಜೊತೆಗೆ ಇನ್ನೊಂದೂ ಹಿಗ್ಗಿ ಅಂಚಿನ ಸ್ಪಷ್ಟತೆ ಕಡಿಮೆಯಾಗುತ್ತದೆ.

ನಲವತ್ತು ದಾಟಿದವರಿಗೆ ಒಂದು ಮಾತು. ಚಾಳೀಸು ಬಂದಿತೆಂದು ಈ ಆಟವನ್ನು ಬಿಡಬೇಡಿ. ಓದುವ ಕನ್ನಡಕ ಇಲ್ಲಿ ಕೆಲಸಕ್ಕೆ ಬಾರದು, ಅದರ ಸ್ಪಷ್ಟತೆ ಪುಸ್ತಕದಷ್ಟು ದೂರದಲ್ಲೇ ಮುಗಿಯುತ್ತದೆ. ದೂರದ ನಂಬರಿಗೆ 0.5 ಅಥವಾ 0.75 ಸೇರಿಸಿದ ಮಸೂರ ಸಾಮಾನ್ಯವಾಗಿ ಹೊಂದುತ್ತದೆ. ಕನ್ನಡಕದ ಅಂಗಡಿಗೆ ಪಿಸ್ತೂಲು ಒಯ್ಯುವ ಹಾಗಿಲ್ಲವಲ್ಲ, ಆದ್ದರಿಂದ ನಿಂತ ಭಂಗಿಯಲ್ಲೇ ಕಣ್ಣಿನಿಂದ ಫ್ರಂಟ್ ಸೈಟ್‌ವರೆಗಿನ ದೂರವನ್ನು ದಾರದಲ್ಲಿ ಅಳೆದು ಗಂಟು ಹಾಕಿ, ಆ ದಾರವನ್ನು ಜೇಬಿನಲ್ಲಿಟ್ಟುಕೊಂಡು ಹೋಗಿ.