ಗೋಳಗುಮ್ಮಟಕ್ಕೆ ಕಾರಿನಲ್ಲಿ: ಬೆಳಗಿನ ಆರು ಗಂಟೆಯಿಂದ ಹಿಂದಕ್ಕೆ ಲೆಕ್ಕ ಹಾಕಿ

ವಿಜಯಪುರದ ಗೋಳಗುಮ್ಮಟವನ್ನು ಹನ್ನೊಂದು ಗಂಟೆಗೆ ಹತ್ತಿದವರಿಗೆ ಪಿಸುಮಾತು ಕೇಳಿಸುವುದಿಲ್ಲ, ಶಿಳ್ಳೆ ಕೇಳಿಸುತ್ತದೆ. ಶಾಲಾ ಪ್ರವಾಸದ ಬಸ್ಸುಗಳು ಬಂದು ನಿಂತವೆಂದರೆ ಒಂದು ಕೂಗು ಅಡಗುವ ಮೊದಲೇ ಇನ್ನೊಂದು ಏಳುತ್ತದೆ. ಬಾಗಿಲು ತೆರೆಯುವುದು ಬೆಳಗಿನ 6ಕ್ಕೆ. ಮೊದಲ ಅರ್ಧ ಗಂಟೆಯೊಳಗೆ ಮೇಲಿರಬೇಕು. ಬೆಂಗಳೂರಿನಿಂದ ಮಕ್ಕಳು, ಹಿರಿಯರನ್ನು ಕೂರಿಸಿಕೊಂಡು ಹೊರಡುವವರು ಆ ಅರ್ಧ ಗಂಟೆಯನ್ನು ಹಿಡಿದುಕೊಂಡೇ ಉಳಿದದ್ದನ್ನು ಹೊಂದಿಸಿಕೊಳ್ಳಬೇಕು.

ಅಂದರೆ ಹಿಂದಿನ ರಾತ್ರಿ ಊರಲ್ಲೇ ತಂಗಬೇಕು. ದಾರಿ ಸುಮಾರು 530 ಕಿ.ಮೀ. ಚಿತ್ರದುರ್ಗದವರೆಗೆ ರಾಷ್ಟ್ರೀಯ ಹೆದ್ದಾರಿ 48, ಅಲ್ಲಿಂದ ಹೊಸಪೇಟೆ, ಕುಷ್ಟಗಿ, ಇಳಕಲ್, ಹುನಗುಂದದ ಮೇಲೆ ಹೆದ್ದಾರಿ 50. ಬೆಳಗಿನ ಜಾವ ನಾಲ್ಕೂವರೆಗೆ ಹೊರಟರೆ ನೆಲಮಂಗಲದ ಗದ್ದಲ ತಪ್ಪುತ್ತದೆ, ತಿಂಡಿ ಚಿತ್ರದುರ್ಗದಲ್ಲಿ, ಊಟ ಇಳಕಲ್ ಸುತ್ತಮುತ್ತ. ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು ಸಿಗುತ್ತವೆ. ಖಾರ ತಡೆಯದ ಮಕ್ಕಳಿಗೆ ಮೊದಲೇ ಮೊಸರು ಹೇಳಿಬಿಡಿ. ಫಾಸ್ಟ್ಯಾಗ್‌ನಲ್ಲಿ ಹಣ ಇದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ. ಇಲ್ಲದಿದ್ದರೆ ಟೋಲ್‌ನಲ್ಲಿ ತೊಂದರೆ.

ಕತ್ತಲಾದ ಮೇಲೆ ಈ ಕಡೆ ಕಾರು ಓಡಿಸದಿರುವುದೇ ಒಳ್ಳೆಯದು. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೈಲರ್ ಎಳೆದುಕೊಂಡು ಹೋಗುವ ಟ್ರ್ಯಾಕ್ಟರ್‌ಗಳಿಗೆ ಎಷ್ಟೋ ಸಲ ಹಿಂದೆ ದೀಪವೇ ಇರುವುದಿಲ್ಲ. ಇದ್ದರೂ ಜೋತುಬಿದ್ದ ಕಬ್ಬು ಅದನ್ನು ಮುಚ್ಚಿರುತ್ತದೆ. ಹತ್ತಿರ ಬರುವವರೆಗೆ ಟ್ರ್ಯಾಕ್ಟರ್ ಕತ್ತಲೆಯ ಇನ್ನೊಂದು ತುಂಡಿನಂತೆಯೇ ಕಾಣುತ್ತದೆ. ಹಂಪಿ, ಆಲಮಟ್ಟಿ, ಕೂಡಲಸಂಗಮ ಎಲ್ಲವೂ ದಾರಿಯಲ್ಲೇ ಎಂದು ಹೋಗುವಾಗಲೇ ಒಂದೊಂದಕ್ಕೂ ತಿರುಗಿದರೆ ಸಿಕ್ಕಿಬೀಳುವುದು ಈ ಕತ್ತಲಲ್ಲೇ. ಅವನ್ನು ಬರುವಾಗಿನ ದಿನಕ್ಕೆ ಇಟ್ಟುಕೊಳ್ಳಿ. ನಾಲ್ಕು ಗಂಟೆಯೊಳಗೆ ಊರು ಸೇರಿದರೆ ಅವತ್ತೇ ಇನ್ನೊಬ್ಬ ಸುಲ್ತಾನನ ಸಮಾಧಿ ಇಬ್ರಾಹಿಂ ರೋಜಾ ನೋಡಬಹುದು. ಇಳಿಬಿಸಿಲಿನಲ್ಲಿ ಅದರ ಕಲ್ಲಿನ ಕೆತ್ತನೆ ಚೆನ್ನಾಗಿ ಎದ್ದು ಕಾಣುತ್ತದೆ. ಕುಸುರಿಯ ಮಟ್ಟಿಗೆ ಗೋಳಗುಮ್ಮಟಕ್ಕಿಂತ ಅದೇ ಒಂದು ಕೈ ಮೇಲು.

ಮಾರನೆಯ ಬೆಳಿಗ್ಗೆ ತಿಂಡಿಗೆ ಕಾಯಬೇಡಿ. ಟಿಕೆಟ್ ದೊಡ್ಡವರಿಗೆ 25 ರೂಪಾಯಿ, 15 ವರ್ಷದೊಳಗಿನವರಿಗೆ ಇಲ್ಲ. ಕಟ್ಟಡದ ನಾಲ್ಕು ಮೂಲೆಗೆ ಏಳೇಳು ಅಂತಸ್ತಿನ ಎಂಟು ಮುಖದ ಗೋಪುರಗಳಿವೆ, ಮೆಟ್ಟಿಲು ಅವುಗಳೊಳಗೆ ಸುತ್ತುತ್ತಾ ಏರುತ್ತದೆ. ನೂರಕ್ಕೂ ಹೆಚ್ಚು ಮೆಟ್ಟಿಲು. ಇಕ್ಕಟ್ಟು, ಮಬ್ಬುಗತ್ತಲು, ಹೆಜ್ಜೆಯೂ ಎತ್ತರ. ಮಂಡಿನೋವಿನವರಿಗೆ ಹತ್ತುವುದಕ್ಕಿಂತ ಇಳಿಯುವುದೇ ಕಷ್ಟ. ಅವರು ಕೆಳಗಿನ ಹಜಾರದಲ್ಲೇ ಇದ್ದರೂ ನಷ್ಟವಿಲ್ಲ. ನಡುವೆ ಒಂದು ಕಂಬವೂ ಇಲ್ಲದ ಆ ಹಜಾರದ ಅಗಾಧತೆ ತಿಳಿಯುವುದು ಕೆಳಗೆ ನಿಂತವರಿಗೇ. ಒಂದರೊಳಗೊಂದು ಹೆಣೆದ ಎಂಟು ಕಮಾನುಗಳು ಚೌಕವನ್ನು ವೃತ್ತಕ್ಕೆ ತಿರುಗಿಸಿ ಗುಮ್ಮಟವನ್ನು ಹೊತ್ತಿರುವುದನ್ನೂ ಅಲ್ಲಿಂದಲೇ ನೋಡಬೇಕು. 1656ರಲ್ಲಿ ತೀರಿಕೊಂಡ ಬಿಜಾಪುರದ ಸುಲ್ತಾನ ಮುಹಮ್ಮದ್ ಆದಿಲ್ ಷಾನ ನಿಜವಾದ ಗೋರಿ ನೆಲಮಾಳಿಗೆಯಲ್ಲಿದೆ, ಕಟ್ಟೆಯ ಮೇಲೆ ಕಾಣುವುದು ಅದರ ಗುರುತು ಮಾತ್ರ.

ಮೇಲೆ, ಗುಮ್ಮಟದ ಒಳಸುತ್ತಿನ ಮೊಗಸಾಲೆಯಲ್ಲಿ ಬಹಳ ಜನ ಮಾಡುವ ತಪ್ಪೆಂದರೆ ನಡುವಿನ ಬಯಲಿನತ್ತ ಮುಖಮಾಡಿ ಮಾತಾಡುವುದು. ಗೋಡೆಗೆ ಮುಖಮಾಡಿ, ಒಂದು ಗೇಣು ಅಂತರದಲ್ಲಿ, ಗಂಟಲು ನಡುಗದಷ್ಟು ಮೆಲ್ಲಗೆ ಉಸುರಬೇಕು. ಎದುರು ತುದಿಯವರು ಗೋಡೆಗೆ ಕಿವಿಯಿಟ್ಟಿರಬೇಕು. ಬಾಗಿದ ಗೋಡೆಯನ್ನೇ ಸವರಿಕೊಂಡು ಸದ್ದು ಅರ್ಧ ಸುತ್ತು, ಸುಮಾರು 60 ಮೀಟರ್, ಸಾಗುತ್ತದೆ. ದನಿ ಏರಿಸಿದರೆ ಗುಮ್ಮಟವೆಲ್ಲ ಮೊಳಗಿ ಮಾತು ಕಲಸಿಹೋಗುತ್ತದೆ.

ಪ್ರತಿಧ್ವನಿ ಎಣಿಸುವ ಕ್ರಮ ಬೇರೆ. ಒಳವ್ಯಾಸ ಸುಮಾರು 38 ಮೀಟರ್, ಹೋಗಿಬರಲು 76. ಸದ್ದಿಗೆ ಸೆಕೆಂಡಿಗೆ ಸುಮಾರು 340 ಮೀಟರ್ ವೇಗ, ಹಾಗಾಗಿ ಒಂದು ಮರುದನಿಗೂ ಇನ್ನೊಂದಕ್ಕೂ ನಡುವೆ ಸೆಕೆಂಡಿನ ಐದನೇ ಒಂದು ಭಾಗದಷ್ಟೇ ಬಿಡುವು. "ಓ..." ಎಂದು ಎಳೆದರೆ ನಿಮ್ಮ ಕೂಗೇ ಅದನ್ನು ಮುಚ್ಚಿಬಿಡುತ್ತದೆ. ಒಂದೇ ಒಂದು ಚಪ್ಪಾಳೆ ತಟ್ಟಿ ಸುಮ್ಮನಾದರೆ ಏಳರವರೆಗೆ ಎಣಿಸಬಹುದು. ಮಕ್ಕಳಿಗೆ ಕಷ್ಟವೆನಿಸುವುದು ಆ ಸುಮ್ಮನಿರುವಿಕೆಯೇ.

ಗೋಳಗುಮ್ಮಟದ ಮುಂದಿನ ನಗಾರಖಾನೆಯಲ್ಲಿ (ನಗಾರಿ ಬಾರಿಸುತ್ತಿದ್ದ ಕಟ್ಟಡ) ಇರುವ ವಸ್ತುಸಂಗ್ರಹಾಲಯ ತೆರೆಯುವುದು 10ಕ್ಕೆ, ಶುಕ್ರವಾರ ರಜೆ. ಅಲ್ಲಿಯವರೆಗೆ ತಿಂಡಿ ಮುಗಿಸಿ, ಅರ್ಧಕ್ಕೇ ನಿಂತ ಸಮಾಧಿ ಬಾರಾಕಮಾನು, ಮಲಿಕ್-ಎ-ಮೈದಾನ್ ತೋಪು ನೋಡಿ ಬರಬಹುದು. ಸುಮಾರು 55 ಟನ್ನಿನ ಆ ತೋಪನ್ನು 1549ರಲ್ಲಿ ಅಹಮದ್‌ನಗರದಲ್ಲಿ ಎರಕ ಹೊಯ್ದದ್ದು. ಏಪ್ರಿಲ್, ಮೇ ತಿಂಗಳಲ್ಲಿ ಅದನ್ನು ಮುಟ್ಟಿ ಫೋಟೊ ತೆಗೆಸಿಕೊಳ್ಳುವ ಆಸೆ ಬೇಡ, ಕೈ ಸುಟ್ಟೀತು.