ಒಂದು ಕಂಬ, ಒಂದು ಬೇವಿನ ಮರ

ನಮ್ಮ ಶಾಲೆಗೆ ಪಿಟಿ ಮೇಷ್ಟ್ರಿಲ್ಲ. ಚಳ್ಳಕೆರೆ ತಾಲೂಕಿನ ಸಣ್ಣ ಹಳ್ಳಿ. ನಾಲ್ಕು, ಐದನೇ ಕ್ಲಾಸು ಸೇರಿದರೂ 17 ಮಕ್ಕಳು. ಹಾಗಾಗಿ ಗಣಿತ ಹೇಳುವ ನಾನೇ ಪಿಟಿಗೂ ಮೇಷ್ಟ್ರು. ಸೀಟಿ ಊದೋದು ಬಿಟ್ಟರೆ ನನಗೂ ಜಾಸ್ತಿ ಗೊತ್ತಿಲ್ಲ, ಅದು ಬೇರೆ ಮಾತು.

ಮಕ್ಕಳ ಕಲಿಕೆಯನ್ನು ವರ್ಷವಿಡೀ ಅಳೆದು ಬರೆದಿಡುವ ಸಿಸಿಇ (ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನ) ರಿಜಿಸ್ಟರಿನಲ್ಲಿ ದೈಹಿಕ ಶಿಕ್ಷಣಕ್ಕೂ ಒಂದು ಕಾಲಂ ಇದೆ. ಪ್ರತಿ ಸಲ ಅಂದಾಜಿನ ಮೇಲೆ ಎ, ಬಿ ಅಂತ ತುಂಬಿಬಿಡುತ್ತಿದ್ದೆ. ಈ ಸಲ ಸರಿಯಾಗಿ ಮಾಡೋಣ ಅನ್ನೋ ಹುಕಿ ಬಂತು. ರಾತ್ರಿ ಕೂತು ಹತ್ತು ಪ್ರಶ್ನೆ ಬರೆದೆ.

ಕಬಡ್ಡಿಯಲ್ಲಿ ಒಂದು ಕಡೆ ಏಳು ಜನ ಅಂತ ಸುಮಾರು ಮಕ್ಕಳು ಬರೆದಿದ್ದರು. ಟಿವಿಯ ಉಪಕಾರ. ರಾಷ್ಟ್ರೀಯ ಕ್ರೀಡಾ ದಿನ ಯಾವಾಗ ಅಂದರೆ ಆಗಸ್ಟ್ 29, ಧ್ಯಾನ್‌ ಚಂದ್ ಹುಟ್ಟಿದ ದಿನ. ಒಬ್ಬ ಆಗಸ್ಟ್ 15 ಅಂತ ಬರೆದಿದ್ದ. ಅವತ್ತೇ ಅಲ್ವಾ ನಾವು ಓಟದ ಸ್ಪರ್ಧೆ ಇಡೋದು! ಖೋಖೋದಲ್ಲಿ ಒಂದು ಕಡೆ ಎಷ್ಟು ಜನ ಆಡುತ್ತಾರೆ ಅನ್ನೋದಕ್ಕೆ ಒಂಬತ್ತು ಅಂತ ಬರೆಯಬೇಕಿತ್ತು. ಒಬ್ಬಳು ‘ಬಂದಷ್ಟು ಜನ’ ಅಂದಿದ್ದಳು.

ಖೋಖೋ ಅಂಕಣದಲ್ಲಿ ಎಷ್ಟು ಕಂಬ? ಎರಡು ಅಂತ ಬರೆಯಬೇಕಿತ್ತು. ಹನ್ನೊಂದು ಮಕ್ಕಳು ‘ಒಂದು’ ಅಂತ ಬರೆದಿದ್ದರು. ಕಾಪಿ ಹೊಡೆದಿದ್ದಾರೆ ಅಂತ ಸಿಟ್ಟಿನಲ್ಲಿ ಕೆಂಪು ಪೆನ್ನಲ್ಲಿ ಗೀಟು ಎಳೀತಾ ಹೋದೆ. ಕೊನೆಯ ಹಾಳೆಯಲ್ಲಿ ಗುಂಡನೆಯ ಅಕ್ಷರ: ‘ಒಂದು ಕಂಬ, ಒಂದು ಬೇವಿನ ಮರ.’

ಕಿಟಕಿಯಿಂದ ಹೊರಗೆ ನೋಡಿದೆ. ಹೌದಲ್ಲ. ಪೈಪ್ ಹಾಕೋಕೆ ನೆಲ ಅಗೆದಾಗ ಒಂದು ಕಂಬ ಕಿತ್ತಿದ್ದರು, ಮತ್ತೆ ಯಾರೂ ನೆಟ್ಟಿರಲಿಲ್ಲ. ದಿನಾ ಅದೇ ದಾರೀಲಿ ಓಡಾಡುವ ನಾನೂ ನೋಡಿರಲಿಲ್ಲ.

ಮಾರನೇ ದಿನ ಹಾಳೆ ಬದಿಗಿಟ್ಟು ಎಲ್ಲರನ್ನೂ ಬಯಲಿಗೆ ಕರೆದೆ. ಎಂಟು ಜನ ಕೂತರು, ಒಬ್ಬರ ಮುಖ ಈ ಕಡೆ, ಪಕ್ಕದವರದು ಆ ಕಡೆ. ನಾನೇ ಓಡಿಸಿ ತೋರಿಸೋಕೆ ಹೋದೆ. ನಾಲ್ಕು ಹೆಜ್ಜೆ ಹಾಕಿ ಹಿಂದಕ್ಕೆ ತಿರುಗಿದೆ, ಅಷ್ಟೇ. ಹಿಂದಿನ ದಿನ ಖಾಲಿ ಹಾಳೆ ಕೊಟ್ಟಿದ್ದ ಹುಡುಗ ಕೂತಲ್ಲಿಂದಲೇ ಕೂಗಿದ:

“ಫೌಲ್ ಸಾ! ಕಂಬ ದಾಟೋ ತನಕ ತಿರುಗಂಗಿಲ್ಲ.”

ಆಟ ನೋಡ್ತಾ ಇನ್ನೊಂದು ಗಮನಿಸಿದೆ. ಓಡುವವರೆಲ್ಲ ಮರದ ಕಡೆಗೇ ನುಗ್ಗುತ್ತಿದ್ದರು. ಗುಂಡನೆಯ ಅಕ್ಷರದ ಹುಡುಗಿಯನ್ನು ಕರೆದೆ.

“ಯಾಕವ್ವ, ಎಲ್ಲಾ ಅಲ್ಲಿಗೇ ಓಡ್ತೀರಾ?”

“ಕಂಬ ಆದ್ರೆ ಓಡ್ಸೋರು ಒಂದು ಕೈಲಿ ಹಿಡ್ಕಂಡು ಬಗ್ಗಿ ಮುಟ್ಟಿಬಿಡ್ತಾರೆ ಸಾ. ಮರ ದಪ್ಪ, ಕೈಗೆ ಸಿಗಲ್ಲ. ಸುತ್ತಿ ಬರೋದ್ರೊಳಗೆ ನಾವು ತಪ್ಪಿಸ್ಕಬಹುದು.”

ಇದನ್ನ ಯಾವ ಕಾಲಮ್ಮಿಗೆ ಬರೆಯೋದು? ಸುಮ್ನೆ ಎ ಅಂತ ಹಾಕಿದೆ. ಕಂಬದ ಪ್ರಶ್ನೆಯ ಗೀಟುಗಳನ್ನೂ ಹೊಡೆದು ಹಾಕಿದೆ.

ಆದರೆ ವಲಯ ಮಟ್ಟದ ಆಟಕ್ಕೆ ಹೋದರೆ ಅಲ್ಲಿ ಎರಡೂ ಕಡೆ ಕಂಬವೇ. ನೆಲದ ಮೇಲೆ ಸುಮಾರು 120 ಸೆಂಟಿಮೀಟರ್ ಎತ್ತರ, ನುಣ್ಣಗೆ, ಹಿಡಿತಕ್ಕೆ ಸಿಗುವಂಥದ್ದು. ಊರಿನ ಒಬ್ಬರ ಹತ್ತಿರ ನೀಲಗಿರಿ ತುಂಡು ಕೇಳಿದ್ದೇನೆ, ಕೊಡ್ತೀನಿ ಅಂದಿದ್ದಾರೆ. ಆ ಸುದ್ದಿ ಹೇಳಿದಾಗ ಆ ಹುಡುಗಿಯ ಮುಖ ಸಣ್ಣಗಾಯಿತು.

“ಬ್ಯಾಡ ಸಾ. ಕಂಬ ಬಂದ್ರೆ ನಾನು ಬೇಗ ಔಟ್ ಆಗ್ತೀನಿ.”