ಸಕ್ಕರೆ ಕಾಯಿಲೆ ಇರುವ ಯಹೂದಿಗಳು ಯೋಮ್ ಕಿಪ್ಪುರ್ ದಿನ ಉಪವಾಸ ಇರಬೇಕಾ?

ಯಹೂದಿ ಆಚರಣೆಗಳ ಮಾತು ಬಂದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಯೋಮ್ ಕಿಪ್ಪುರ್ ಎಂದರೆ ಪಾಪಕ್ಷಮೆಯ ದಿನ. ಹಿಂದಿನ ದಿನ ಸೂರ್ಯ ಮುಳುಗುವ ಮೊದಲೇ ಶುರುವಾಗಿ ಮರುದಿನ ಕತ್ತಲಾಗುವ ತನಕ, ಸುಮಾರು 25 ಗಂಟೆ ಅನ್ನವೂ ಇಲ್ಲ, ನೀರೂ ಇಲ್ಲ. ಹಾಗಾದರೆ ಇನ್ಸುಲಿನ್ ತೆಗೆದುಕೊಳ್ಳುವವರ ಗತಿಯೇನು?

ಜೀವಕ್ಕೆ ಅಪಾಯವಿದ್ದರೆ ತಿನ್ನಬಹುದು ಅಂತಲ್ಲ, ತಿನ್ನಲೇಬೇಕು. ಅಂಥವರು ಹಟ ಹಿಡಿದು ಉಪವಾಸ ಕೂತರೆ ಅದೇ ತಪ್ಪು. ದೇವರ ವಿಧಿಗಳಿರುವುದು ಬದುಕುವುದಕ್ಕೆ, ಅವುಗಳಿಂದ ಸಾಯುವುದಕ್ಕಲ್ಲ ಎಂಬುದು ಯಹೂದಿ ಧರ್ಮಚರ್ಚೆಗಳ ಪ್ರಾಚೀನ ಗ್ರಂಥ ತಾಲ್ಮೂಡ್‌ನ ವಾದ. ತಿನ್ನಬೇಕು ಎಂದು ವೈದ್ಯರು ಹೇಳಿದರೆ, ರೋಗಿ ಬೇಡವೆಂದರೂ ತಿನ್ನಿಸುತ್ತಾರೆ. ರೋಗಿಯೇ ‘ತಡೆಯಲಾರೆ, ಊಟ ಬೇಕು’ ಎಂದರೆ, ನೂರು ವೈದ್ಯರು ಬೇಡವೆಂದರೂ ರೋಗಿಯ ಮಾತೇ ನಡೆಯುತ್ತದೆ. 16ನೇ ಶತಮಾನದ ಶುಲ್ಹಾನ್ ಆರೂಖ್ ಎಂಬ ಧರ್ಮಸಂಹಿತೆ ಇದನ್ನು ಸ್ಪಷ್ಟವಾಗಿ ಬರೆದಿಟ್ಟಿದೆ.

ಸ್ವಲ್ಪ ಸ್ವಲ್ಪ ತಿಂದು ಸುಧಾರಿಸಿಕೊಳ್ಳಬಲ್ಲವರಿಗೆ ಒಂದು ಅಳತೆಯಿದೆ. ಉಪವಾಸ ಪೂರ್ತಿ ಮುರಿಯುವುದು ದಪ್ಪ ಖರ್ಜೂರದಷ್ಟು ತಿಂದಾಗ, ಇಲ್ಲವೇ ಕೆನ್ನೆ ತುಂಬುವಷ್ಟು ಕುಡಿದಾಗ. ಅದಕ್ಕಿಂತ ಕಡಿಮೆ ತಿಂದು, ನಡುವೆ ಬಿಡುವು ಕೊಡಬೇಕು. ಇಂದಿನ ಪದ್ಧತಿಯಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ 30 ಮಿಲೀಗಿಂತ ಕಡಿಮೆ ಆಹಾರ, ಆಮೇಲೆ 9 ನಿಮಿಷ ಬಿಡುವು. ಕುಡಿಯುವ ಅಳತೆ ಒಬ್ಬೊಬ್ಬರ ಬಾಯಿಗೆ ಒಂದೊಂದು. ಹಬ್ಬಕ್ಕೆ ಮೊದಲೇ ಒಂದು ಕೆನ್ನೆ ಉಬ್ಬುವಷ್ಟು ನೀರು ತುಂಬಿಕೊಂಡು ಲೋಟಕ್ಕೆ ಉಗುಳಿ, ಆ ಮಟ್ಟಕ್ಕಿಂತ ತುಸು ಕೆಳಗೆ ಗುರುತು ಹಾಕಿಕೊಳ್ಳಬೇಕು. ಸಲಕ್ಕೆ 40 ಮಿಲೀ ಎಂದುಕೊಂಡರೂ ಗಂಟೆಗೆ ಆರು ಸಲ ಕುಡಿದರೆ 240 ಮಿಲೀ ಆಯಿತು. ಅದೇನು ಕಡಿಮೆಯಲ್ಲ. ತಿನ್ನುವುದರ ಲೆಕ್ಕ ಬೇರೆ, ಕುಡಿಯುವುದರ ಲೆಕ್ಕ ಬೇರೆ, ಎರಡನ್ನೂ ಕೂಡಿಸುವುದಿಲ್ಲ.

ರಕ್ತದ ಸಕ್ಕರೆ 70 mg/dLಗಿಂತ ಇಳಿದು ಕೈ ನಡುಗಿ ಬೆವರತೊಡಗಿದರೆ ಮಾತ್ರ ಅಳತೆ, ಗಡಿಯಾರ ಎರಡನ್ನೂ ಪಕ್ಕಕ್ಕಿಡಬೇಕು. ತಕ್ಷಣ 15 ಗ್ರಾಂ ಗ್ಲೂಕೋಸ್ ಅಥವಾ ಅರ್ಧ ಲೋಟ ಹಣ್ಣಿನ ರಸ, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷೆ. ಹಸಿವಿನಿಂದ ಕಣ್ಣು ಕತ್ತಲಿಟ್ಟವನಿಗೆ ಕಣ್ಣು ತಿಳಿಯಾಗುವ ತನಕ ತಿನ್ನಿಸಿ, ನಿಷಿದ್ಧ ಆಹಾರವಾದರೂ ಸರಿ ಎನ್ನುತ್ತದೆ ತಾಲ್ಮೂಡ್‌ಗೆ ಮೂಲವಾದ ಮಿಶ್ನಾ. ಗ್ಲೂಕೋಮೀಟರ್ ಇಲ್ಲದ ಕಾಲದಲ್ಲಿ ಎಷ್ಟು ಸರಿಯಾದ ಗುರುತು ಹಿಡಿದಿದ್ದರು ನೋಡಿ!

ಎಡವಟ್ಟಾಗುವುದು ಬೇರೆ ಕಡೆ. ಊಟವಿಲ್ಲವೆಂದು ಟೈಪ್ 1 ರೋಗಿಗಳು ಇನ್ಸುಲಿನ್ ಪೂರ್ತಿ ನಿಲ್ಲಿಸಿದರೆ ಕೀಟೋಅಸಿಡೋಸಿಸ್, ಅಂದರೆ ರಕ್ತ ಆಮ್ಲೀಯವಾಗಿ ಜೀವಕ್ಕೇ ಅಪಾಯ ತರುವ ಸ್ಥಿತಿ, ಆಗುತ್ತದೆ. ಡೋಸ್ ಎಷ್ಟು ಇಳಿಸಬೇಕೆಂದು ವೈದ್ಯರನ್ನು ವಾರ ಮೊದಲೇ ಕೇಳಿಟ್ಟುಕೊಳ್ಳಬೇಕು. ಗ್ಲಿಮೆಪಿರೈಡ್‌ನಂಥ ಮಾತ್ರೆ ನುಂಗಿ ಹಸಿದಿದ್ದರೆ ಸಕ್ಕರೆ ಕುಸಿಯುತ್ತದೆ. ಆರೋಗ್ಯವಂತರಿಗೂ ತಲೆನೋವು ಬರುವುದು ಹಲವು ಸಲ ಹಸಿವಿನಿಂದಲ್ಲ, ಕಾಫಿ ತಪ್ಪಿದ್ದರಿಂದ. ಕೆಲವು ದಿನ ಮೊದಲೇ ಲೋಟ ಇಳಿಸುತ್ತ ಬಂದರೆ ಸಾಕು.

ಎಲ್ಲಕ್ಕಿಂತ ದೊಡ್ಡ ತಪ್ಪು, ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ಗೆ ಹೋಗಲೇಬೇಕೆಂಬ ಹಂಬಲ. ಮಲಗಿದ್ದರೆ ಉಪವಾಸ ತಡೆದುಕೊಳ್ಳಬಲ್ಲವನು ಅಲ್ಲಿಗೆ ನಡೆದು ದಣಿದು ತಿನ್ನುವ ಹಾಗಾದರೆ, ಮನೆಯಲ್ಲಿ ಹಾಸಿಗೆಯಲ್ಲೇ ಇರಬೇಕು. ಸಾಮೂಹಿಕ ಪ್ರಾರ್ಥನೆ ತಪ್ಪಿದರೂ ಪರವಾಗಿಲ್ಲ.